ಕಾನೂನು ಪದವಿ ಇಲ್ಲದವರು ಇಂಗ್ಲೆಂಡಿನಲ್ಲಿ ಕೌಟುಂಬಿಕ ಕಾನೂನಿನ ಸಾಲಿಸಿಟರ್ ಆಗುವ ದಾರಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್, ಅಂದರೆ ಕಕ್ಷಿದಾರರಿಗೆ ನೇರವಾಗಿ ಸಲಹೆ ಕೊಟ್ಟು ಅವರ ಪ್ರಕರಣ ನೋಡಿಕೊಳ್ಳುವ ವಕೀಲ, ಆಗಲು ಕಾನೂನು ಪದವಿ ಕಡ್ಡಾಯವಲ್ಲ. ನಮ್ಮಲ್ಲಿ ವಕೀಲಿ ವೃತ್ತಿಗೆ ಬರಬೇಕಾದವರು ಪಿಯುಸಿ ಮುಗಿಸಿ ಐದು ವರ್ಷದ ಕೋರ್ಸನ್ನೋ, ಬೇರೊಂದು ಪದವಿಯ ನಂತರ ಮೂರು ವರ್ಷದ ಎಲ್‌ಎಲ್‌ಬಿಯನ್ನೋ ಓದಿ, 1961ರ ವಕೀಲರ ಕಾಯ್ದೆಯಡಿ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಈ ರೂಢಿಯನ್ನು ನೋಡಿ ಬೆಳೆದವರಿಗೆ, ಬಿಇ ಅಥವಾ ಬಿಕಾಂ ಮಾಡಿದವರು ಮತ್ತೆ ಕಾನೂನು ಕಾಲೇಜಿನ ಮೆಟ್ಟಿಲು ಹತ್ತದೆಯೇ ಆ ದೇಶದಲ್ಲಿ ಸಾಲಿಸಿಟರ್ ಆಗಬಹುದು ಎಂದರೆ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಮದುವೆಯಾಗಿ ಅಥವಾ ಕೆಲಸದ ಮೇಲೆ ಅಲ್ಲಿಗೆ ಹೋಗಿ ನೆಲೆಸಿರುವ ಕನ್ನಡಿಗರಲ್ಲಿ, ಅದರಲ್ಲೂ ವೃತ್ತಿಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕೆಂದಿರುವ ಮಹಿಳೆಯರಲ್ಲಿ, ಈ ಅವಕಾಶದ ಬಗ್ಗೆ ಇನ್ನಷ್ಟು ಅರಿವು ಮೂಡಬೇಕೆಂಬುದು ಈ ಲೇಖನದ ಉದ್ದೇಶ.

2021ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವ್ಯವಸ್ಥೆಯ ಪ್ರಕಾರ ಅಭ್ಯರ್ಥಿಯ ಬಳಿ ನಾಲ್ಕು ಸಂಗತಿಗಳಿರಬೇಕು: ಯಾವುದಾದರೂ ವಿಷಯದಲ್ಲಿ ಪದವಿ ಅಥವಾ ಅದಕ್ಕೆ ಸಮನಾದ ಅರ್ಹತೆ, ಎಸ್‌ಕ್ಯೂಇ (ಸಾಲಿಸಿಟರ್ಸ್ ಕ್ವಾಲಿಫೈಯಿಂಗ್ ಎಕ್ಸಾಮಿನೇಷನ್) ಎಂಬ ಎರಡು ಭಾಗಗಳ ಪರೀಕ್ಷೆಯಲ್ಲಿ ತೇರ್ಗಡೆ, ಎರಡು ವರ್ಷದ ಅರ್ಹ ಕೆಲಸದ ಅನುಭವ, ಮತ್ತು ಒಳ್ಳೆಯ ನಡತೆಯ ಬಗ್ಗೆ ಈ ವೃತ್ತಿಯ ನಿಯಂತ್ರಕ ಸಂಸ್ಥೆಯಾದ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿ, ಅಂದರೆ ಎಸ್‌ಆರ್‌ಎ, ನೀಡುವ ಒಪ್ಪಿಗೆ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಕಾನೂನು ವ್ಯವಸ್ಥೆಗಳು ಬೇರೆಯಾದ್ದರಿಂದ ಇಲ್ಲಿ ಹೇಳುವ ಯಾವುದೂ ಆ ಕಡೆಗೆ ಅನ್ವಯಿಸುವುದಿಲ್ಲ.

ಕೌಟುಂಬಿಕ ಕಾನೂನನ್ನೇ ವೃತ್ತಿಯಾಗಿ ಆರಿಸಿಕೊಳ್ಳುವವರು ಹೊರಡುವ ಮೊದಲೇ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಎಸ್‌ಕ್ಯೂಇ ಪರೀಕ್ಷೆಯ ಪಠ್ಯದಲ್ಲಿ ಕೌಟುಂಬಿಕ ಕಾನೂನು ಒಂದು ವಿಷಯವಾಗಿ ಇಲ್ಲ. ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆ ಇವುಗಳ ಬಗ್ಗೆ ಏನೂ ತಿಳಿಯದವರೂ ಆ ಪರೀಕ್ಷೆಯನ್ನು ಪಾಸು ಮಾಡಬಹುದು. ಪರೀಕ್ಷೆ ನಿಮ್ಮನ್ನು ಸಾಲಿಸಿಟರ್ ಮಾಡುತ್ತದೆ. ಕೌಟುಂಬಿಕ ಕಾನೂನಿನ ಸಾಲಿಸಿಟರ್ ಆಗುವುದು ಆ ಎರಡು ವರ್ಷದ ಕೆಲಸವನ್ನು ಎಲ್ಲಿ, ಯಾರ ಕೈಕೆಳಗೆ ಮಾಡಿದಿರಿ ಎಂಬುದರ ಮೇಲೆ ನಿಂತಿದೆ. ಬಹಳಷ್ಟು ಜನ ಮೊದಲು ಪರೀಕ್ಷೆ ಮುಗಿಯಲಿ, ಕೆಲಸ ಆಮೇಲೆ ನೋಡೋಣ ಎಂದುಕೊಳ್ಳುತ್ತಾರೆ. ಈ ಕ್ಷೇತ್ರಕ್ಕೆ ಬರುವವರಿಗೆ ನನ್ನ ಸಲಹೆ ಅದಕ್ಕೆ ವಿರುದ್ಧವಾದದ್ದು.

ಮೊದಲ ಹೆಜ್ಜೆ: ಕೆಲಸ ಎಂಥದ್ದೆಂದು ತಿಳಿದುಕೊಳ್ಳಿ

ಕೌಟುಂಬಿಕ ಕಾನೂನಿನ ಸಾಲಿಸಿಟರ್ ಎಂದೊಡನೆ ನ್ಯಾಯಾಲಯದಲ್ಲಿ ನಿಂತು ವಾದಿಸುವ ಚಿತ್ರ ಕಣ್ಣಮುಂದೆ ಬರಬಹುದು. ವಾಸ್ತವದಲ್ಲಿ ದಿನದ ಹೆಚ್ಚಿನ ಪಾಲು ಕಕ್ಷಿದಾರರ ಮಾತು ಕೇಳುವುದರಲ್ಲಿ, ಪತ್ರ ಬರೆಯುವುದರಲ್ಲಿ, ಕಾಗದಪತ್ರಗಳನ್ನು ಕೂಡಿಸುವುದರಲ್ಲಿ ಮತ್ತು ಎದುರು ಪಕ್ಷದ ಸಾಲಿಸಿಟರ್ ಜೊತೆ ಮಾತುಕತೆ ನಡೆಸುವುದರಲ್ಲಿ ಕಳೆಯುತ್ತದೆ. ವಿಚ್ಛೇದನವೇ ಈಗ ಅಲ್ಲಿ ಜಗಳದ ವಿಷಯವಾಗಿ ಉಳಿದಿಲ್ಲ. 2020ರ ಹೊಸ ವಿಚ್ಛೇದನ ಕಾಯ್ದೆ 2022ರ ಏಪ್ರಿಲ್ 6ರಂದು ಜಾರಿಗೆ ಬಂದ ಮೇಲೆ ಯಾರ ತಪ್ಪನ್ನೂ ಸಾಬೀತುಪಡಿಸಬೇಕಾಗಿಲ್ಲ. ದಾಂಪತ್ಯ ಸರಿಪಡಿಸಲಾಗದಂತೆ ಮುರಿದಿದೆ ಎಂದು ಗಂಡ ಅಥವಾ ಹೆಂಡತಿ, ಇಲ್ಲವೇ ಇಬ್ಬರೂ ಸೇರಿ, ಹೇಳಿಕೆ ಕೊಟ್ಟರೆ ಸಾಕು. ಅರ್ಜಿ ದಾಖಲಾಗಿ 20 ವಾರ ಕಳೆದ ನಂತರ, ವಿಚ್ಛೇದನಕ್ಕೆ ಅಡ್ಡಿಯಿಲ್ಲವೆಂದು ಹೇಳುವ ಷರತ್ತಿನ ಆದೇಶ ಕೇಳಬಹುದು, ಅದಾದ ಆರು ವಾರಕ್ಕೆ ಅಂತಿಮ ಆದೇಶ. ಮದುವೆಯಾದ ಮೊದಲ ಒಂದು ವರ್ಷದಲ್ಲಿ ಮಾತ್ರ ಅರ್ಜಿ ಹಾಕುವಂತಿಲ್ಲ.

ಜಗಳವೆಲ್ಲ ಇರುವುದು ಹಣ ಮತ್ತು ಮಕ್ಕಳ ವಿಷಯದಲ್ಲಿ. ಹಣದ ವಿಚಾರದಲ್ಲಿ 1973ರ ಮ್ಯಾಟ್ರಿಮೋನಿಯಲ್ ಕಾಸಸ್ ಕಾಯ್ದೆಯ 25ನೇ ಕಲಮು ಹೇಳುವ ಅಂಶಗಳನ್ನು ನ್ಯಾಯಾಧೀಶರು ತೂಗಿ ನೋಡುತ್ತಾರೆ. ಮಕ್ಕಳ ವಿಚಾರದಲ್ಲಿ 1989ರ ಚಿಲ್ಡ್ರನ್ ಕಾಯ್ದೆಯ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. ನ್ಯಾಯಾಲಯಕ್ಕೆ ಹೋಗುವ ಮೊದಲು ಮಧ್ಯಸ್ಥಿಕೆಯ ಬಗ್ಗೆ ತಿಳಿಸಿಕೊಡುವ ಸಭೆಗೆ ಹಾಜರಾಗುವುದು ಸಾಮಾನ್ಯವಾಗಿ ಕಡ್ಡಾಯ. ಕೌಟುಂಬಿಕ ದೌರ್ಜನ್ಯದಂತಹ ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿಯಿದೆ. ಇವುಗಳ ಜೊತೆಗೆ, ಹಿಂಸೆಗೆ ಒಳಗಾದವರಿಗೆ 1996ರ ಫ್ಯಾಮಿಲಿ ಲಾ ಕಾಯ್ದೆಯಡಿ ರಕ್ಷಣಾ ಆದೇಶ ಕೊಡಿಸುವುದು, ಸ್ಥಳೀಯ ಆಡಳಿತ ಮಗುವನ್ನು ತನ್ನ ಆರೈಕೆಗೆ ತೆಗೆದುಕೊಳ್ಳಲು ಹೊರಟಾಗ ತಂದೆ-ತಾಯಿಯ ಪರ ಅಥವಾ ಮಗುವಿನ ಪರ ನಿಲ್ಲುವುದು ಕೂಡ ಇದೇ ವೃತ್ತಿಯ ಭಾಗ.

ಕೆಲಸದ ರುಚಿ ತಿಳಿಯಬೇಕಾದರೆ ಫಾರ್ಮ್ ಇ ಎಂಬ ಆಸ್ತಿ ವಿವರಣೆಯ ನಮೂನೆಯನ್ನು ಸರ್ಕಾರದ ಜಾಲತಾಣದಿಂದ ಇಳಿಸಿಕೊಂಡು ಒಮ್ಮೆ ಪೂರ್ತಿ ಓದಿ ನೋಡಿ. ಗಂಡ, ಹೆಂಡತಿ ಇಬ್ಬರೂ ತಮ್ಮ ಮನೆ, ಸಾಲ, ಪಿಂಚಣಿ, ಷೇರು, 12 ತಿಂಗಳ ಬ್ಯಾಂಕ್ ವಿವರ, ಮುಂದಿನ ಖರ್ಚಿನ ಅಂದಾಜು ಎಲ್ಲವನ್ನೂ ಸತ್ಯ ಪ್ರಮಾಣದೊಂದಿಗೆ ಅದರಲ್ಲಿ ತುಂಬಬೇಕು. ಆಸ್ತಿ ಯಾವ ದೇಶದಲ್ಲಿದ್ದರೂ ಬರೆಯಬೇಕು. ತಲಾ 500 ಪೌಂಡ್‌ಗಿಂತ ಹೆಚ್ಚು ಬೆಲೆಬಾಳುವ ಸ್ವಂತ ವಸ್ತುಗಳನ್ನೂ ಬಿಡುವಂತಿಲ್ಲ. ನಮ್ಮ ಕಡೆಯ ಕುಟುಂಬವೊಂದು ಈ ನಮೂನೆಯ ಮುಂದೆ ಕುಳಿತಾಗ ಏನೆಲ್ಲ ಪ್ರಶ್ನೆಗಳು ಏಳುತ್ತವೆಂದು ಯೋಚಿಸಿ: ಮದುವೆಯಲ್ಲಿ ತವರಿನವರು ಹಾಕಿದ ಚಿನ್ನ ಅತ್ತೆಯ ಹೆಸರಿನ ಲಾಕರಿನಲ್ಲಿದೆ, ಅದು ಯಾರದ್ದು? ತಂದೆಯ ಕಾಲದ ಜಮೀನು ಇನ್ನೂ ಅಣ್ಣತಮ್ಮಂದಿರಲ್ಲಿ ವಿಭಾಗವಾಗಿಲ್ಲ, ಗಂಡನ ಪಾಲಿಗೆ ಏನು ಬೆಲೆ ಕಟ್ಟುವುದು? ಮಗನ ಹೆಸರಿನಲ್ಲಿ ಕೊಂಡ ನಿವೇಶನಕ್ಕೆ ಹಣ ಕೊಟ್ಟವರು ಅಪ್ಪ ಎನ್ನುವುದಕ್ಕೆ ದಾಖಲೆ ಎಲ್ಲಿದೆ? ಇಂತಹ ಪ್ರಶ್ನೆಗಳನ್ನು ತಾಳ್ಮೆಯಿಂದ ಬಿಡಿಸುವುದು ನಿಮಗೆ ಇಷ್ಟವಾಗುವುದಾದರೆ ಈ ವೃತ್ತಿ ನಿಮಗೆ ಒಗ್ಗುತ್ತದೆ. ಬೇರೆಯವರ ದುಃಖವನ್ನು ದಿನವೂ ಹತ್ತಿರದಿಂದ ನೋಡುವ ಕೆಲಸ ಇದು ಎಂಬುದನ್ನೂ ಮರೆಯಬಾರದು. ಇಳಿಯುವ ಮುನ್ನ ನಿಮ್ಮ ಮನಸ್ಸು ಅದಕ್ಕೆ ಸಿದ್ಧವಿದೆಯೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಎರಡನೆಯ ಹೆಜ್ಜೆ: ನಿಮಗೆ ಹೊಂದುವ ದಾರಿಯನ್ನು ಆರಿಸಿಕೊಳ್ಳಿ

ಪದವಿ ಇರುವವರಿಗೆ ಎಸ್‌ಕ್ಯೂಇ ದಾರಿಯೇ ನೇರವಾದದ್ದು. ಹಿಂದೆ ಬೇರೆ ಪದವಿಯವರು ಒಂದು ವರ್ಷದ ಪರಿವರ್ತನಾ ಕೋರ್ಸ್, ಅದಾದ ಮೇಲೆ ಎಲ್‌ಪಿಸಿ (ಲೀಗಲ್ ಪ್ರಾಕ್ಟೀಸ್ ಕೋರ್ಸ್) ಎಂಬ ವೃತ್ತಿ ತರಬೇತಿ, ನಂತರ ಯಾವುದಾದರೂ ಸಂಸ್ಥೆಯಲ್ಲಿ ಎರಡು ವರ್ಷದ ಟ್ರೇನಿಂಗ್ ಕಾಂಟ್ರಾಕ್ಟ್ ಮುಗಿಸಬೇಕಿತ್ತು. 2021ರ ಸೆಪ್ಟೆಂಬರಿಗೆ ಮೊದಲೇ ಆ ದಾರಿಯಲ್ಲಿ ಕಾಲಿಟ್ಟವರಿಗೆ 2032ರ ಕೊನೆಯವರೆಗೆ ಅದನ್ನು ಪೂರೈಸುವ ಅವಕಾಶವಿದೆ. ಹೊಸಬರಿಗೆ ಅದು ಮುಚ್ಚಿದೆ. ಹಳೆಯ ಪುಸ್ತಕಗಳಲ್ಲೂ ಬಂಧುಗಳ ಸಲಹೆಯಲ್ಲೂ ಎಲ್‌ಪಿಸಿಯ ಹೆಸರು ಇನ್ನೂ ಕೇಳಿಬರುವುದರಿಂದ ಇದನ್ನು ಸ್ಪಷ್ಟವಾಗಿ ಹೇಳಬೇಕಾಯಿತು. ಪರಿವರ್ತನಾ ಕೋರ್ಸ್ ಈಗಲೂ ನಡೆಯುತ್ತದೆ. ಸಾಲಿಸಿಟರ್ ಆಗುವುದಕ್ಕೆ ಅದು ಕಡ್ಡಾಯವಲ್ಲವಾದರೂ, ಕಾನೂನಿನ ಅ ಆ ಇ ಈ ತಿಳಿಯದವರಿಗೆ ಗಟ್ಟಿಯಾದ ಬುನಾದಿ ಹಾಕಿಕೊಡುತ್ತದೆ.

ಪದವಿಯೇ ಇಲ್ಲದವರಿಗೂ ದಾರಿಗಳಿವೆ. ಅಲ್ಲಿಯೇ ನಮ್ಮ ಪಿಯುಸಿಯಂತಹ ಎ ಲೆವೆಲ್ ಓದಿ ಮುಗಿಸಿದ ಮಕ್ಕಳಿರುವ ಕನ್ನಡಿಗ ತಂದೆ-ತಾಯಿಯರು ಸಾಲಿಸಿಟರ್ ಅಪ್ರೆಂಟಿಸ್‌ಶಿಪ್ ಬಗ್ಗೆ ತಿಳಿದುಕೊಳ್ಳಬೇಕು. ಸುಮಾರು ಆರು ವರ್ಷ ಸಂಬಳ ಪಡೆಯುತ್ತ, ಕೆಲಸ ಮಾಡುತ್ತ, ಓದುತ್ತ, ಕೊನೆಗೆ ಅದೇ ಎಸ್‌ಕ್ಯೂಇ ಬರೆದು ಸಾಲಿಸಿಟರ್ ಆಗುವ ವ್ಯವಸ್ಥೆ ಇದು. ಶುಲ್ಕದ ಹೊರೆ ವಿದ್ಯಾರ್ಥಿಯ ಮೇಲೆ ಬೀಳುವುದಿಲ್ಲ. ಆದರೆ 2026ರ ಜನವರಿಯಿಂದ ಈ ಹಂತದ ಅಪ್ರೆಂಟಿಸ್‌ಶಿಪ್‌ಗೆ ಸರ್ಕಾರದ ಹಣವನ್ನು ಮುಖ್ಯವಾಗಿ 16ರಿಂದ 21 ವರ್ಷ ವಯಸ್ಸಿನವರಿಗೆ ಸೀಮಿತಗೊಳಿಸಲಾಗಿದೆ. ಆದ್ದರಿಂದ ನಡುವಯಸ್ಸಿನಲ್ಲಿ ವೃತ್ತಿ ಬದಲಿಸುವವರು ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಸೈಲೆಕ್ಸ್ ಎಂಬ ಸಂಸ್ಥೆಯ ಮೂಲಕ ಹಂತಹಂತವಾಗಿ ಓದಿ ಚಾರ್ಟರ್ಡ್ ಲೀಗಲ್ ಎಕ್ಸಿಕ್ಯುಟಿವ್ ಎಂಬ ಇನ್ನೊಂದು ಬಗೆಯ ವಕೀಲರಾಗುವುದು ಇನ್ನೊಂದು ದಾರಿ. ಅಲ್ಲಿ ಕೌಟುಂಬಿಕ ಕಾನೂನನ್ನೇ ವಿಶೇಷ ವಿಷಯವಾಗಿ ಓದುವ ಅನುಕೂಲವಿದೆ, ಬೇಕೆನಿಸಿದರೆ ಮುಂದೆ ಅಲ್ಲಿಂದ ಸಾಲಿಸಿಟರ್ ಆಗುವುದಕ್ಕೂ ಬರುತ್ತದೆ.

ಭಾರತದಲ್ಲಿ ಈಗಾಗಲೇ ವಕೀಲರಾಗಿ ನೋಂದಾಯಿಸಿಕೊಂಡಿರುವವರ ವಿಷಯ ಬೇರೆ. ಅವರೂ ಎಸ್‌ಕ್ಯೂಇ ದಾಟಬೇಕು, ಆದರೆ ಎರಡು ವರ್ಷದ ಅನುಭವದ ಷರತ್ತು ಅವರಿಗೆ ಇಲ್ಲ.

ಮೂರನೆಯ ಹೆಜ್ಜೆ: ಪದವಿ ಮತ್ತು ನಡತೆಯ ಪ್ರಶ್ನೆಗಳನ್ನು ಮೊದಲೇ ಬಗೆಹರಿಸಿಕೊಳ್ಳಿ

ಕರ್ನಾಟಕದ ವಿಶ್ವವಿದ್ಯಾಲಯದ ಪದವಿ ಇರುವವರು ಅದು ಬ್ರಿಟನ್ನಿನ ಪದವಿಗೆ ಸಮನೆಂದು ತೋರಿಸಬೇಕಾಗುತ್ತದೆ. ಯುಕೆ ಎನಿಕ್ ಎಂಬ ಸಂಸ್ಥೆ ಶುಲ್ಕ ಪಡೆದು ಇಂತಹ ಹೋಲಿಕೆಯ ಪತ್ರ ಕೊಡುತ್ತದೆ. ಅದಕ್ಕೆ ಬೇಕಾದ ಅಂಕಪಟ್ಟಿಗಳನ್ನೂ ಘಟಿಕೋತ್ಸವದ ಪ್ರಮಾಣಪತ್ರವನ್ನೂ ಊರಿನಿಂದ ಮೊದಲೇ ತರಿಸಿಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿರುವ ಹೆಸರಿಗೂ ಅಂಕಪಟ್ಟಿಯಲ್ಲಿರುವ ಹೆಸರಿಗೂ ಇನಿಷಿಯಲ್ ಅಥವಾ ಮದುವೆಯ ನಂತರದ ಹೆಸರಿನ ಕಾರಣ ವ್ಯತ್ಯಾಸವಿದ್ದರೆ, ಅದನ್ನು ಸರಿಪಡಿಸುವ ದಾಖಲೆಯನ್ನೂ ಮಾಡಿಸಿಟ್ಟುಕೊಳ್ಳುವುದು ಲೇಸು. ಕೊನೆಯ ಘಳಿಗೆಯಲ್ಲಿ ಇದೇ ದೊಡ್ಡ ತಲೆನೋವಾಗುತ್ತದೆ.

ನಡತೆಯ ಪರಿಶೀಲನೆ ನಡೆಯುವುದು ಕೊನೆಯಲ್ಲಿ, ಸಾಲಿಸಿಟರ್ ಆಗಿ ಸೇರಿಸಿಕೊಳ್ಳಲು ಅರ್ಜಿ ಹಾಕುವಾಗ. ಅಪರಾಧ ಪ್ರಕರಣ, ದಿವಾಳಿತನ, ಪರೀಕ್ಷೆಯಲ್ಲಿ ನಕಲು ಮಾಡಿದ ದಾಖಲೆ ಇವುಗಳಲ್ಲಿ ಯಾವುದಾದರೂ ಹಿಂದೆ ಇದ್ದರೆ ಅದನ್ನು ಮುಚ್ಚಿಡುವುದು ಮೂಲ ತಪ್ಪಿಗಿಂತ ದೊಡ್ಡ ತಪ್ಪಾಗಿ ಎಣಿಕೆಯಾಗುತ್ತದೆ. ಅನುಮಾನವಿರುವವರು ಸಾವಿರಾರು ಪೌಂಡ್ ಸುರಿಯುವ ಮೊದಲೇ ಎಸ್‌ಆರ್‌ಎಯಿಂದ ಮುಂಗಡ ತೀರ್ಮಾನ ಕೇಳಬಹುದು.

ನಾಲ್ಕನೆಯ ಹೆಜ್ಜೆ: ಎರಡು ವರ್ಷದ ಕೆಲಸವನ್ನು ಹುಡುಕಲು ಇಂದೇ ಶುರುಮಾಡಿ

ಹೊಸ ವ್ಯವಸ್ಥೆಯ ದೊಡ್ಡ ಉಪಕಾರವೆಂದರೆ ಅನುಭವದ ವಿಷಯದಲ್ಲಿ ತಂದಿರುವ ಸಡಿಲಿಕೆ. ಎರಡು ವರ್ಷದ ಪೂರ್ಣಾವಧಿ ಕೆಲಸ, ಅಥವಾ ಅದಕ್ಕೆ ಸಮನಾದ ಅರೆಕಾಲಿಕ ಕೆಲಸ, ಗರಿಷ್ಠ ನಾಲ್ಕು ಸಂಸ್ಥೆಗಳಲ್ಲಿ ಹಂಚಿಹೋಗಿರಬಹುದು. ಸಂಬಳದ ಕೆಲಸವೂ ಆಗುತ್ತದೆ, ಸ್ವಯಂಸೇವೆಯೂ ಆಗುತ್ತದೆ. ಪರೀಕ್ಷೆಗೆ ಮುಂಚೆ, ಪರೀಕ್ಷೆಯ ನಡುವೆ, ಪರೀಕ್ಷೆಯ ನಂತರ, ಯಾವಾಗ ಮಾಡಿದರೂ ಎಣಿಕೆಗೆ ಬರುತ್ತದೆ. ಬೇರೆ ದೇಶದಲ್ಲಿ ಮಾಡಿದ ಕಾನೂನು ಕೆಲಸವನ್ನೂ ಸೇರಿಸಿಕೊಳ್ಳಬಹುದು, ಆದರೆ ಅದನ್ನು ದೃಢಪಡಿಸಲು ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್ ಒಬ್ಬರು ಬೇಕು. ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಅಲ್ಲಿನ ಕಾನೂನು ಸಂಸ್ಥೆಗಳಿಗಾಗಿ ಕೆಲಸ ಮಾಡಿದವರು, ತಮ್ಮ ಕೆಲಸವನ್ನು ಬಲ್ಲ ಅಂತಹ ಸಾಲಿಸಿಟರ್ ಇದ್ದರೇ ಎಂದು ನೆನಪಿಸಿಕೊಂಡು ಈಗಲೇ ಸಂಪರ್ಕಿಸುವುದು ಒಳ್ಳೆಯದು. ವರ್ಷಗಳು ಕಳೆದಂತೆ ಜನ ಸಂಸ್ಥೆ ಬದಲಿಸುತ್ತಾರೆ, ಕಡತಗಳು ಕೈಗೆ ಸಿಗುವುದಿಲ್ಲ.

ಕೆಲಸ ಯಾವ ಹೆಸರಿನದಾದರೂ ಸರಿ, ಅದರ ತಿರುಳು ಕಾನೂನು ಸೇವೆಯಾಗಿರಬೇಕು ಮತ್ತು ಸಾಲಿಸಿಟರ್‌ಗೆ ಇರಬೇಕಾದ ಸಾಮರ್ಥ್ಯಗಳಲ್ಲಿ ಕನಿಷ್ಠ ಎರಡನ್ನಾದರೂ ಬೆಳೆಸಿಕೊಳ್ಳುವ ಅವಕಾಶ ಅದರಲ್ಲಿ ಸಿಕ್ಕಿರಬೇಕು. ಕಾನೂನು ಕಚೇರಿಯಲ್ಲಿ ಬರೀ ಫೋನು ಎತ್ತಿಕೊಂಡು, ಜೆರಾಕ್ಸ್ ತೆಗೆದುಕೊಂಡು ಕುಳಿತ ಕಾಲವನ್ನು ಇದಕ್ಕೆ ಸೇರಿಸಲಾಗದು. ದೃಢಪಡಿಸುವ ಸಾಲಿಸಿಟರ್ ನಿಮ್ಮನ್ನು ಸಮರ್ಥರೆಂದು ಪ್ರಮಾಣೀಕರಿಸುವುದಿಲ್ಲ. ಇಷ್ಟು ಕಾಲ ಕೆಲಸ ಮಾಡಿದ್ದಾರೆ, ಕಲಿಯುವ ಅವಕಾಶ ಸಿಕ್ಕಿದೆ, ನಡತೆಯ ಬಗ್ಗೆ ತಕರಾರಿಲ್ಲ ಎಂದಷ್ಟೇ ಹೇಳುತ್ತಾರೆ. ಅದನ್ನು ಹೇಳಲು ಅವರಿಗೆ ಆಧಾರ ಬೇಕಾದ್ದರಿಂದ, ಪ್ರತಿ ವಾರ ನೀವು ಮಾಡಿದ ಕೆಲಸವನ್ನು ಬರೆದಿಡಿ. ಕಕ್ಷಿದಾರರ ಹೆಸರು ಬರೆಯದೆ, ಯಾವ ಬಗೆಯ ಪ್ರಕರಣ, ನೀವು ಮಾಡಿದ್ದೇನು, ಮೇಲ್ವಿಚಾರಕರು ತಿದ್ದಿದ್ದೇನು ಎಂದು ನಾಲ್ಕಾರು ಸಾಲು ಬರೆದರೆ ಸಾಕು. ಮೂರು ತಿಂಗಳಿಗೊಮ್ಮೆ ಅದನ್ನು ಮೇಲ್ವಿಚಾರಕರಿಗೆ ತೋರಿಸಿ ಒಪ್ಪಿಗೆ ಪಡೆದುಕೊಂಡರೆ, ಕೆಲಸ ಬಿಡುವ ದಿನ ಯಾರ ಹಿಂದೆಯೂ ಅಲೆಯಬೇಕಾಗುವುದಿಲ್ಲ.

ಇನ್ನು ಎಲ್ಲಿ ಹುಡುಕುವುದು ಎಂಬ ಪ್ರಶ್ನೆ. ಲಂಡನ್ನಿನ ದೊಡ್ಡ ವಾಣಿಜ್ಯ ಸಂಸ್ಥೆಗಳಲ್ಲಿ ಬಹಳಷ್ಟರಲ್ಲಿ ಕೌಟುಂಬಿಕ ವಿಭಾಗವೇ ಇಲ್ಲ. ಅವುಗಳ ತರಬೇತಿ ಹುದ್ದೆಗೆ ವರ್ಷಗಟ್ಟಲೆ ಅರ್ಜಿ ಹಾಕುತ್ತ ಕೂರುವುದರ ಬದಲು, ಲೆಸ್ಟರ್, ಬರ್ಮಿಂಗ್‌ಹ್ಯಾಮ್, ರೆಡಿಂಗ್‌ನಂತಹ ಊರುಗಳ ಮುಖ್ಯಬೀದಿಯಲ್ಲಿ ಬೋರ್ಡು ಹಾಕಿಕೊಂಡಿರುವ ಸಣ್ಣ ಮತ್ತು ಮಧ್ಯಮ ಸಂಸ್ಥೆಗಳ ಬಾಗಿಲು ತಟ್ಟಿ. ಅಲ್ಲಿ ಕೌಟುಂಬಿಕ ವಿಭಾಗದ ಪ್ಯಾರಾಲೀಗಲ್, ಅಂದರೆ ಸಾಲಿಸಿಟರ್‌ಗಳಿಗೆ ನೆರವಾಗುವ ಸಹಾಯಕರ, ಹುದ್ದೆಗೆ ಸೇರಿದವರು ಕೆಲವೇ ತಿಂಗಳಲ್ಲಿ ಫಾರ್ಮ್ ಇ ತುಂಬಿಸುವುದರಿಂದ ಹಿಡಿದು ವಿಚಾರಣೆಯ ಕಡತ ಜೋಡಿಸುವವರೆಗೆ ಎಲ್ಲವನ್ನೂ ಕಲಿಯಬಲ್ಲರು. ಸ್ಥಳೀಯ ಆಡಳಿತಗಳ ಕಾನೂನು ವಿಭಾಗದಲ್ಲಿ ಮಕ್ಕಳ ಆರೈಕೆ ಪ್ರಕರಣಗಳ ಕೆಲಸ ಸಿಗುತ್ತದೆ. ಲಾ ಸೆಂಟರ್‌ಗಳು, ಸಿಟಿಜನ್ಸ್ ಅಡ್ವೈಸ್ ಶಾಖೆಗಳು, ವಿಶ್ವವಿದ್ಯಾಲಯಗಳ ಉಚಿತ ಕಾನೂನು ನೆರವಿನ ಕೇಂದ್ರಗಳು ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತವೆ. ಈ ಕೇಂದ್ರಗಳಿಗೆ ಜನ ಬರುವುದಕ್ಕೆ ಒಂದು ಕಾರಣವಿದೆ. 2012ರ ಕಾಯ್ದೆಯೊಂದರ ಮೂಲಕ 2013ರ ಏಪ್ರಿಲ್‌ನಿಂದ ದಂಪತಿಗಳ ನಡುವಣ ಬಹುಪಾಲು ಕೌಟುಂಬಿಕ ಪ್ರಕರಣಗಳಿಗೆ ಸರ್ಕಾರದ ಕಾನೂನು ನೆರವು ನಿಂತುಹೋಯಿತು; ದೌರ್ಜನ್ಯಕ್ಕೆ ಸಾಕ್ಷ್ಯ ಒದಗಿಸಬಲ್ಲವರಂತಹ ಕೆಲವರಿಗೆ ಮಾತ್ರ ಅದು ಉಳಿದಿದೆ. ವಕೀಲರಿಲ್ಲದೆ ತಾವೇ ನ್ಯಾಯಾಧೀಶರ ಮುಂದೆ ನಿಲ್ಲುವ ತಾಯಂದಿರನ್ನೂ ತಂದೆಯರನ್ನೂ ಅಲ್ಲಿನ ಕೌಟುಂಬಿಕ ನ್ಯಾಯಾಲಯಗಳಲ್ಲಿ ದಿನವೂ ಕಾಣಬಹುದು. ಈ ಕೊರತೆ ನನ್ನನ್ನು ಬಹಳ ಕಾಡುತ್ತದೆ, ಮತ್ತು ಇಂಗ್ಲಿಷಿನಲ್ಲಿ ತಡವರಿಸುವ ಹೆಣ್ಣುಮಗಳೊಬ್ಬಳು ಅಲ್ಲಿ ಒಂಟಿಯಾಗಿ ನಿಲ್ಲುವುದನ್ನು ಊಹಿಸಿಕೊಂಡರೆ ಈ ವೃತ್ತಿಗೆ ನಮ್ಮವರು ಹೆಚ್ಚು ಹೆಚ್ಚು ಬರಬೇಕೆಂಬ ಹಂಬಲ ಬಲವಾಗುತ್ತದೆ.

ಅರ್ಜಿ ಬರೆಯುವಾಗ ಹಿಂದಿನ ವೃತ್ತಿಯನ್ನು ಬದಿಗೆ ಸರಿಸಬೇಡಿ. ಲೆಕ್ಕಪತ್ರ ಬಲ್ಲವರು ಗಂಡನ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಅಡಗಿದ ಆದಾಯವನ್ನು ಗುರುತಿಸಬಲ್ಲರು; ಶಿಕ್ಷಕರಾಗಿದ್ದವರು ಮಗುವಿನ ಶಾಲೆಯ ವರದಿಯನ್ನು ಸರಿಯಾಗಿ ಓದಬಲ್ಲರು; ನರ್ಸ್ ಆಗಿದ್ದವರಿಗೆ ವೈದ್ಯಕೀಯ ದಾಖಲೆ ಹೊಸದಲ್ಲ. ಸಣ್ಣ ಸಂಸ್ಥೆಗಳು ಇದನ್ನು ಕಾನೂನು ಪದವಿಗಿಂತ ಕಡಿಮೆಯೆಂದು ಕಾಣುವುದಿಲ್ಲ, ಆದರೆ ಅದನ್ನು ಅರ್ಜಿಯಲ್ಲಿ ಉದಾಹರಣೆಯೊಂದಿಗೆ ತೋರಿಸಬೇಕಾದವರು ನೀವು.

ವೀಸಾದ ಮಾತನ್ನೂ ಇಲ್ಲೇ ಹೇಳಬೇಕು. ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಬಂದವರ ಸಂಗಾತಿಗೆ ಅವಲಂಬಿತರಾಗಿ ಬಹುಮಟ್ಟಿಗೆ ಯಾವ ಕೆಲಸವನ್ನಾದರೂ ಮಾಡುವ ಸ್ವಾತಂತ್ರ್ಯವಿದೆ. ಅವರಿಗೆ ಈ ದಾರಿ ಸುಗಮ. ಪದವಿ ಹಂತದ ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಪ್ಯಾರಾಲೀಗಲ್ ಕೆಲಸ ಕೊಟ್ಟು ಅದಕ್ಕಾಗಿ ವೀಸಾವನ್ನೂ ಕೊಡಿಸುವ ಸಂಸ್ಥೆ ಸಿಗುತ್ತದೆಂದು ನಂಬಿ ಊರಿನಿಂದ ಸಾಲ ಮಾಡಿ ಹೊರಡಬೇಡಿ.

ಐದನೆಯ ಹೆಜ್ಜೆ: ಎಸ್‌ಕ್ಯೂಇ ಮೊದಲ ಭಾಗ

ಇದರಲ್ಲಿ ಎರಡು ಪತ್ರಿಕೆಗಳು, ಒಂದೊಂದರಲ್ಲಿ 180 ಬಹು ಆಯ್ಕೆಯ ಪ್ರಶ್ನೆಗಳು. ಪುಸ್ತಕ ನೋಡುವಂತಿಲ್ಲ. ಮೊದಲ ಪತ್ರಿಕೆಯಲ್ಲಿ ಒಪ್ಪಂದ, ಟಾರ್ಟ್ (ಒಬ್ಬರಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನು), ವ್ಯವಹಾರ ಕಾನೂನು, ವ್ಯಾಜ್ಯ ಪರಿಹಾರ, ಸಂವಿಧಾನ ಮತ್ತು ಆಡಳಿತ ಕಾನೂನು ಮುಂತಾದವು. ಎರಡನೆಯದರಲ್ಲಿ ಭೂಮಿ, ಟ್ರಸ್ಟ್, ಆಸ್ತಿ ವ್ಯವಹಾರ, ಉಯಿಲು, ಅಪರಾಧ ಕಾನೂನು, ಸಾಲಿಸಿಟರ್‌ಗಳ ಲೆಕ್ಕಪತ್ರ. ವೃತ್ತಿನೀತಿಯ ಪ್ರಶ್ನೆಗಳು ಎಲ್ಲದರ ನಡುವೆ ಹೆಣೆದುಕೊಂಡಿರುತ್ತವೆ. ಐದು ಉತ್ತರಗಳಲ್ಲಿ ಹಲವು ಸರಿಯೆನಿಸುವಂತೆಯೇ ಇರುತ್ತವೆ, ಅವುಗಳಲ್ಲಿ ಅತ್ಯಂತ ಸೂಕ್ತವಾದದ್ದನ್ನು ಆರಿಸಬೇಕು.

ನಮ್ಮವರು ಎಡವುವ ಜಾಗವನ್ನು ತೋರಿಸಲು ಒಂದು ಉದಾಹರಣೆ ಕೊಡುತ್ತೇನೆ. ಉಯಿಲು ಬರೆಯದೆ ತೀರಿಕೊಂಡವನೊಬ್ಬನಿಗೆ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇದ್ದಾರೆ. ಹಂಚಬೇಕಾದ ಆಸ್ತಿ 5,00,000 ಪೌಂಡ್. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ತಲೆಯಲ್ಲಿಟ್ಟುಕೊಂಡವರು ನಾಲ್ವರಿಗೂ ಸಮಪಾಲು ಎಂದು ಥಟ್ಟನೆ ಗುರುತು ಹಾಕುತ್ತಾರೆ. ಇಂಗ್ಲೆಂಡಿನ ನಿಯಮ ಬೇರೆ. ಸ್ವಂತ ಬಳಕೆಯ ವಸ್ತುಗಳ ಜೊತೆಗೆ ಮೊದಲ 3,22,000 ಪೌಂಡ್ ಹೆಂಡತಿಗೆ ಹೋಗುತ್ತದೆ. ಈ ಮೊತ್ತ 2023ರ ಜುಲೈನಲ್ಲಿ ನಿಗದಿಯಾದದ್ದು. ವಸ್ತುಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಉಳಿಯುವ 1,78,000ದಲ್ಲಿ ಅರ್ಧ ಹೆಂಡತಿಗೆ, ಇನ್ನರ್ಧ ಮಕ್ಕಳಿಬ್ಬರಿಗೆ ಸಮನಾಗಿ, ಅಂದರೆ ತಲಾ 44,500 ಪೌಂಡ್. ತಾಯಿಗೆ ಏನೂ ಇಲ್ಲ. ಕಾನೂನಿನ ಹಿನ್ನೆಲೆಯಿಲ್ಲದ ಅಭ್ಯರ್ಥಿಗೆ ಇರುವ ಅಪಾಯ ಇದೇ: ಮನೆಯಲ್ಲಿ ಕೇಳಿ ಬೆಳೆದ ನ್ಯಾಯದ ಕಲ್ಪನೆ ಉತ್ತರಪತ್ರಿಕೆಯಲ್ಲಿ ತಾನಾಗಿ ನುಸುಳುತ್ತದೆ. ಆದ್ದರಿಂದ ಪಠ್ಯವನ್ನು ಓದುವಷ್ಟೇ ಹೊತ್ತನ್ನು ಅಭ್ಯಾಸದ ಪ್ರಶ್ನೆಗಳಿಗೂ ಕೊಡಿ, ಮತ್ತು ತಪ್ಪಿದ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಏಕೆ ತಪ್ಪಿತು ಎಂದು ಬರೆದಿಡಿ.

2021ರ ನವೆಂಬರ್‌ನಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದವರು ನೂರಕ್ಕೆ 53 ಮಂದಿ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಒಂದು ಪತ್ರಿಕೆಯಲ್ಲಿ ಮಾತ್ರ ಸೋತರೆ ಅದೊಂದನ್ನೇ ಮತ್ತೆ ಬರೆಯಬಹುದು, ಆದರೆ ಮೊದಲ ಬಾರಿ ಬರೆದ ದಿನದಿಂದ ಆರು ವರ್ಷದೊಳಗೆ ಒಟ್ಟು ಮೂರು ಅವಕಾಶಗಳಷ್ಟೇ ಇರುವುದು. ಕೆಲಸ, ಮನೆ, ಮಕ್ಕಳನ್ನು ನೋಡಿಕೊಂಡು ಓದುವವರು ಸುಮಾರು ಒಂದು ವರ್ಷದ ತಯಾರಿ ಇಟ್ಟುಕೊಳ್ಳುವುದು ಕ್ಷೇಮ. ಈ ಭಾಗವನ್ನು ಪಿಯರ್ಸನ್ ವ್ಯೂ ಎಂಬ ಸಂಸ್ಥೆಯ ಪರೀಕ್ಷಾ ಕೇಂದ್ರಗಳಲ್ಲಿ ಬರೆಯಬೇಕು. ಬ್ರಿಟನ್ನಿನ ಹೊರಗೂ ಕೇಂದ್ರಗಳಿವೆ.

ಶುಲ್ಕದ ವಿಷಯ ಚಿಕ್ಕದಲ್ಲ. ಎರಡೂ ಭಾಗಗಳ ಪರೀಕ್ಷಾ ಶುಲ್ಕವೇ ಐದು ಸಾವಿರ ಪೌಂಡ್‌ಗೆ ಹತ್ತಿರ ಬರುತ್ತದೆ, ತರಬೇತಿ ಕೋರ್ಸಿನ ಖರ್ಚು ಬೇರೆ. ಕೋರ್ಸ್ ಸೇರಲೇಬೇಕೆಂಬ ನಿಯಮವಿಲ್ಲ, ಆದರೆ ಕಾನೂನನ್ನೇ ಓದದವರು ಪೂರ್ತಿ ಸ್ವಂತ ಓದಿನಿಂದ ಇದನ್ನು ದಾಟುವುದು ಬಹಳ ಕಷ್ಟ. ಶುಲ್ಕ ಕಟ್ಟುವ ಮೊದಲು, ನೀವು ಕೆಲಸಕ್ಕೆ ಸೇರಿದ ಸಂಸ್ಥೆ ಪರೀಕ್ಷೆಯ ಖರ್ಚು ಭರಿಸುತ್ತದೆಯೇ ಎಂದು ಕೇಳಿ. ಸಂಕೋಚಪಟ್ಟು ಕೇಳದೇ ಇರುವುದು ನಮ್ಮವರಲ್ಲಿ ಹೆಚ್ಚು. ಕೆಲಸವನ್ನು ಮೊದಲು ಹುಡುಕಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಆರನೆಯ ಹೆಜ್ಜೆ: ಎರಡನೆಯ ಭಾಗ

ಮೊದಲ ಭಾಗ ಪಾಸಾದವರು ಮಾತ್ರ ಇದನ್ನು ಬರೆಯಬಹುದು. ಇಲ್ಲಿರುವುದು 16 ಸಣ್ಣ ಪರೀಕ್ಷೆಗಳು: 12 ಲಿಖಿತ, 4 ಮೌಖಿಕ. ಪತ್ರ ಬರೆಯುವುದು, ಕರಡು ತಯಾರಿಸುವುದು, ಕಾನೂನು ಸಂಶೋಧನೆ, ಪ್ರಕರಣದ ವಿಶ್ಲೇಷಣೆ, ನ್ಯಾಯಾಧೀಶರ ಮುಂದೆ ವಾದ, ಕಕ್ಷಿದಾರರ ಸಂದರ್ಶನ. ಮೌಖಿಕ ಭಾಗಕ್ಕೆ ಇಂಗ್ಲೆಂಡ್ ಅಥವಾ ವೇಲ್ಸ್‌ಗೆ ಹೋಗಲೇಬೇಕು. ಇದರಲ್ಲಿಯೂ ಕೌಟುಂಬಿಕ ಪ್ರಕರಣ ಬರುವುದಿಲ್ಲ. ಸಂದರ್ಶನ ಆಸ್ತಿ ಅಥವಾ ಉಯಿಲಿನ ವಿಷಯದಲ್ಲಿರುತ್ತದೆ. ಆದರೂ ಕೌಟುಂಬಿಕ ಕಚೇರಿಯಲ್ಲಿ ಒಂದು ವರ್ಷ ಕುಳಿತವರಿಗೆ ಇಲ್ಲಿ ಅನುಕೂಲವಿದೆ, ಏಕೆಂದರೆ ಎದುರಿಗೆ ಕಕ್ಷಿದಾರರಾಗಿ ಕುಳಿತವರೇ ನೀವು ಅವರ ಮಾತನ್ನು ಹೇಗೆ ಕೇಳಿಸಿಕೊಂಡಿರಿ, ಅವರಿಗೆ ನಿಮ್ಮ ಮೇಲೆ ವಿಶ್ವಾಸ ಬಂತೇ ಎಂಬುದಕ್ಕೆ ಅಂಕ ಕೊಡುತ್ತಾರೆ. ಅಳುತ್ತಿರುವವರನ್ನು ಅವಸರಪಡಿಸದೆ ಬೇಕಾದ ವಿವರ ಪಡೆಯುವುದನ್ನು ಕೆಲಸದಲ್ಲಿ ಕಲಿತವರಿಗೆ ಅದು ಪರೀಕ್ಷಾ ಕೋಣೆಯಲ್ಲೂ ಕೈಹಿಡಿಯುತ್ತದೆ.

ಈ ನಡುವೆಯೇ: ಕೌಟುಂಬಿಕ ಕಾನೂನನ್ನು ಸ್ವತಃ ಓದುವುದು

ಪರೀಕ್ಷೆ ಕೇಳದಿದ್ದರೂ ನೀವು ಓದಬೇಕಾದದ್ದು ಬಹಳವಿದೆ. ಮೊದಲಿಗೆ 1973 ಮತ್ತು 1989ರ ಆ ಎರಡು ಕಾಯ್ದೆಗಳ ಮುಖ್ಯ ಕಲಮುಗಳನ್ನು ಮೂಲದಲ್ಲಿಯೇ ಓದಿ. ನಂತರ ಎರಡು ತೀರ್ಪುಗಳನ್ನು ಆದಿಯಿಂದ ಕೊನೆಯವರೆಗೆ ಓದಿ: ಗಳಿಸಿದವರು ಮತ್ತು ಮನೆ ನೋಡಿಕೊಂಡವರ ನಡುವೆ ತಾರತಮ್ಯ ಸಲ್ಲದು ಎಂದ 2000ದ ವೈಟ್ ಪ್ರಕರಣ, ಹಾಗೂ ಮದುವೆಗೆ ಮುಂಚಿನ ಒಪ್ಪಂದಕ್ಕೆ ಎಷ್ಟು ತೂಕವೆಂಬುದನ್ನು ಹೇಳಿದ 2010ರ ರಾಡ್‌ಮಾಕರ್ ಪ್ರಕರಣ. ರೆಸಲ್ಯೂಷನ್ ಎಂಬುದು 1982ರಲ್ಲಿ ಹುಟ್ಟಿದ ಕೌಟುಂಬಿಕ ವಕೀಲರ ಸಂಘ. ಜಗಳವನ್ನು ಬೆಳೆಸದೆ ಬಗೆಹರಿಸುವ ಅದರ ನೀತಿಸಂಹಿತೆಯನ್ನು ಓದಿಕೊಂಡು ಸಂದರ್ಶನಕ್ಕೆ ಹೋದವರ ಉತ್ತರಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಕನ್ನಡ ಬಲ್ಲವರಿಗೆ ಮೀಸಲೆಂಬಂತೆ ಇರುವ ಒಂದು ವಲಯವೂ ಇದೆ. ಮೈಸೂರಿನಲ್ಲಿ ಮದುವೆಯಾಗಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ದಂಪತಿ ಬೇರೆಯಾಗುವಾಗ ಎರಡು ದೇಶಗಳ ಕಾನೂನು ಎದುರಾಗುತ್ತದೆ. ಅಲ್ಲಿನ ನ್ಯಾಯಾಲಯ ಕೊಟ್ಟ ವಿಚ್ಛೇದನಕ್ಕೆ ಇಲ್ಲಿ ಮನ್ನಣೆ ಸಿಗುವುದೇ ಎಂಬುದಕ್ಕೆ 1991ರ ನರಸಿಂಹ ರಾವ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಷರತ್ತುಗಳನ್ನು ವಿಧಿಸಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲದ ಕಾರಣದ ಮೇಲೆ ಕೊಟ್ಟ ವಿಚ್ಛೇದನ ಇಲ್ಲಿ ತೊಡಕಿಗೆ ಸಿಲುಕುತ್ತದೆ. ಭಾರತದಲ್ಲಿ ವಿಚ್ಛೇದನ ಪಡೆದು ಬಂದವರು 1984ರ ಕಾಯ್ದೆಯೊಂದರಡಿ ಇಂಗ್ಲೆಂಡಿನಲ್ಲಿ ಹಣಕಾಸಿನ ಪರಿಹಾರ ಕೇಳಲು ಕೆಲವು ಸಂದರ್ಭಗಳಲ್ಲಿ ಅವಕಾಶವಿದೆ. ಇನ್ನು ಒಬ್ಬರು ಮಗುವನ್ನು ಎತ್ತಿಕೊಂಡು ಊರಿಗೆ ಬಂದುಬಿಟ್ಟರೆ ಸಮಸ್ಯೆ ಬಹಳ ಗಂಭೀರವಾಗುತ್ತದೆ, ಏಕೆಂದರೆ ಹೀಗೆ ಕರೆದೊಯ್ದ ಮಗುವನ್ನು ಮರಳಿ ಕಳುಹಿಸಬೇಕೆನ್ನುವ, ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಇಂತಹ ಪ್ರಕರಣಗಳಲ್ಲಿ ಅಜ್ಜಿಯ ಹೇಳಿಕೆಯನ್ನು ಅವರದೇ ಮಾತಿನಲ್ಲಿ ಕೇಳಿ ಅರ್ಥಮಾಡಿಕೊಳ್ಳಬಲ್ಲ, ಪಹಣಿ ಮತ್ತು ಖಾತೆ ಎಂದರೇನೆಂದು ವಿವರಿಸಬಲ್ಲ ಒಬ್ಬರು ಕಚೇರಿಯಲ್ಲಿರುವುದು ಎಷ್ಟು ಉಪಯುಕ್ತವೆಂಬುದನ್ನು ನಿಮ್ಮ ಅರ್ಜಿಯಲ್ಲಿ ಧೈರ್ಯವಾಗಿ ಬರೆಯಿರಿ. ಭಾರತದ ಕಾನೂನಿನ ಬಗ್ಗೆ ಕಕ್ಷಿದಾರರಿಗೆ ಸಲಹೆ ಕೊಡುವ ಹೊಣೆ ಮಾತ್ರ ಭಾರತದ ವಕೀಲರದು. ಆ ಗೆರೆಯನ್ನು ದಾಟಬಾರದು.

ಕೊನೆಯ ಹೆಜ್ಜೆ: ಹೆಸರು ದಾಖಲಿಸುವುದು ಮತ್ತು ಮೊದಲ ವರ್ಷಗಳು

ನಾಲ್ಕೂ ಷರತ್ತುಗಳು ಪೂರೈಸಿದ ಮೇಲೆ ಎಸ್‌ಆರ್‌ಎಯ ಖಾತೆಯ ಮೂಲಕವೇ ಅರ್ಜಿ ಹಾಕಬೇಕು. ಒಪ್ಪಿಗೆ ಸಿಕ್ಕಾಗ ನಿಮ್ಮ ಹೆಸರು ಸಾಲಿಸಿಟರ್‌ಗಳ ಪಟ್ಟಿಗೆ ಸೇರುತ್ತದೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ವೃತ್ತಿ ನಡೆಸುವಂತಿಲ್ಲ, ಅದಕ್ಕೆ ಪ್ರಾಕ್ಟೀಸಿಂಗ್ ಸರ್ಟಿಫಿಕೇಟ್ ಬೇಕು. ಅದನ್ನು ಪ್ರತಿ ವರ್ಷ ಅಕ್ಟೋಬರ್ ಕೊನೆಯ ಹೊತ್ತಿಗೆ ನವೀಕರಿಸಬೇಕು.

ಸ್ವಂತ ಕಚೇರಿ ತೆರೆಯುವ ಯೋಚನೆಯನ್ನು ಸ್ವಲ್ಪ ಕಾಲ ಮುಂದೂಡಿ. ಕನಿಷ್ಠ ಮೂರು ವರ್ಷ ವೃತ್ತಿ ನಡೆಸಿದ ವಕೀಲರೊಬ್ಬರ ಮೇಲ್ವಿಚಾರಣೆ ಸಂಸ್ಥೆಯಲ್ಲಿರಬೇಕೆಂಬ ನಿಯಮವಿದೆ. ಅದಕ್ಕಿಂತ ಮುಖ್ಯವಾಗಿ, ಮೊದಲ ವರ್ಷಗಳಲ್ಲಿ ಹಿರಿಯರೊಬ್ಬರ ಕೋಣೆಯ ಪಕ್ಕದಲ್ಲಿ ಕುಳಿತು, ಹಣಕಾಸಿನ ಪ್ರಕರಣಗಳನ್ನೂ ಮಕ್ಕಳ ಪ್ರಕರಣಗಳನ್ನೂ ಎರಡನ್ನೂ ನೋಡಿದವರಿಗೆ ಮುಂದೆ ಯಾವುದರಲ್ಲಿ ಪಳಗಬೇಕೆಂಬುದು ಸ್ಪಷ್ಟವಾಗುತ್ತದೆ. ಹಣಕಾಸಿನ ಕಡೆ ಹೋಗುವವರಿಗೆ ರೆಸಲ್ಯೂಷನ್ ಸಂಘ ತಜ್ಞರ ಮಾನ್ಯತೆ ಕೊಡುತ್ತದೆ. ಆರೈಕೆ ಪ್ರಕರಣಗಳಲ್ಲಿ ಮಗುವಿನ ಪರವಾಗಿಯೇ ನಿಲ್ಲಬೇಕೆನ್ನುವವರು ಸಾಲಿಸಿಟರ್‌ಗಳ ವೃತ್ತಿ ಸಂಘವಾದ ಲಾ ಸೊಸೈಟಿಯ ಚಿಲ್ಡ್ರನ್ ಲಾ ಮಾನ್ಯತೆಗೆ ಪ್ರಯತ್ನಿಸಬೇಕು. ಎರಡಕ್ಕೂ ನೀವು ನಡೆಸಿದ ಪ್ರಕರಣಗಳ ಅನುಭವವನ್ನೇ ಆಧಾರವಾಗಿ ಕೇಳುತ್ತಾರೆ. ಆದ್ದರಿಂದ ಪ್ಯಾರಾಲೀಗಲ್ ಆಗಿದ್ದಾಗ ಶುರುಮಾಡಿದ ವಾರದ ಟಿಪ್ಪಣಿಯನ್ನು ಸಾಲಿಸಿಟರ್ ಆದ ಮೇಲೂ ನಿಲ್ಲಿಸದೆ ಮುಂದುವರಿಸಿಕೊಂಡು ಹೋಗಿ.